ಬಾಸ್ಕೆಟ್‌ಬಾಲಿನಲ್ಲಿ ನಡತೆಯ ತಪ್ಪು

ಬಾಸ್ಕೆಟ್‌ಬಾಲ್ ಪಂದ್ಯದ ವೀಕ್ಷಕ ವಿವರಣೆಯಲ್ಲಿ ‘ಟೆಕ್ನಿಕಲ್ ಫೌಲ್’ ಎಂಬ ಮಾತು ತಮ್ಮ ಕಿವಿಗೆ ಬಿದ್ದಿರಬಹುದು. ಇದನ್ನು ‘ತಾಂತ್ರಿಕ ತಪ್ಪು’ ಎಂದು ಕನ್ನಡಿಸುವುದು ನನಗೆ ಸಮ್ಮತವಲ್ಲ. ಎದುರಾಳಿಯ ಮೈ ತಾಗಿದ ತಪ್ಪುಗಳಿಗೆ ಬೇರೆ ಲೆಕ್ಕವುಂಟು. ತೀರ್ಪುಗಾರನೊಡನೆ ಅಗೌರವದ ವಾದ, ಬೈಗುಳ, ಬೇಕೆಂದೇ ಆಟವನ್ನು ತಡೆಯುವುದು, ಇಂಥವಕ್ಕೆ ಈ ಹೆಸರು. ‘ನಡತೆಯ ತಪ್ಪು’ ಎಂದರೆ ಅರ್ಥ ನೆಟ್ಟಗಾದೀತು.

ಇದರ ದಂಡ ಮಾತ್ರ ಎಲ್ಲೆಡೆಯೂ ಒಂದೇ ಅಲ್ಲ. ನಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಬಾದ ನಿಯಮವೇ ಆಧಾರ. ಆದುದರಿಂದ ಅರಬೈಲ್ ಘಟ್ಟದ ಕಡೆಯ ಹುಡುಗನೊಬ್ಬ ಯಲ್ಲಾಪುರದಲ್ಲಿ ಶಾಲಾ ಪಂದ್ಯವಾಡಲಿ, 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಆಡಲಿ, ದಂಡ ಒಂದೇ: ಎದುರು ಪಕ್ಷಕ್ಕೆ ಒಂದು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದ ಎಸೆತ; ಬಳಿಕ ಆಟ ನಿಂತಲ್ಲಿಂದ ಮುಂದುವರಿಯುತ್ತದೆ. 2014ಕ್ಕೆ ಮುಂಚೆ ಎರಡು ಎಸೆತ, ಮೇಲೆ ಚೆಂಡೂ ಅವರಿಗೇ. ಅಮೆರಿಕದ ಪ್ರೌಢಶಾಲೆಗಳ ನಿಯಮಾವಳಿಯಲ್ಲಿ ಆ ಬಿಗಿ ಇನ್ನೂ ಉಳಿದಿದೆ. ಅಲ್ಲಿನ ವೃತ್ತಿಪರರ ಎನ್‌ಬಿಎಯಲ್ಲಾದರೋ ಒಂದೇ ಎಸೆತ. ಕೋಟಿ ಗಳಿಸುವವನಿಗೆ ರಿಯಾಯಿತಿ, ಬಾಲಕನಿಗೆ ಬರೆಯೆ ಎಂದು ತಾವು ಕೇಳಬಹುದು. ಆದರೆ ವೃತ್ತಿಪರನು ಹಣವನ್ನೂ ತೆರಬೇಕು. ಒಂದೇ ಋತುವಿನಲ್ಲಿ ಇಂಥ ತಪ್ಪು 16ಕ್ಕೆ ಮುಟ್ಟಿದರೆ ಒಂದು ಪಂದ್ಯ ಹೊರಗುಳಿಯಬೇಕು. ಬಾಲಕನ ಜೇಬಿಗೆ ಕೈಹಾಕುವಂತಿಲ್ಲವಷ್ಟೆ, ಅಂಕದಲ್ಲೇ ತೆರಿಸಬೇಕು.

ಇನ್ನೊಂದು ಭೇದವುಂಟು. ಎನ್‌ಬಿಎಯಲ್ಲಿ ಆಟಗಾರನನ್ನು ಹೊರಗಟ್ಟುವ ಆರು ತಪ್ಪುಗಳ ಲೆಕ್ಕಕ್ಕೆ ಇದು ಸೇರದು; ಫೀಬಾದಲ್ಲಿ ಐದರ ಲೆಕ್ಕಕ್ಕೆ ಸೇರುತ್ತದೆ. ಆಗಲೇ ನಾಲ್ಕು ತಪ್ಪು ಮಾಡಿರುವ ನಮ್ಮ ಹುಡುಗ ಕೊನೆಯ ನಿಮಿಷದಲ್ಲಿ ತೀರ್ಪುಗಾರನಿಗೆ ಒಂದು ಒರಟು ಮಾತಾಡಿದನೆನ್ನಿ: ಎದುರು ಪಕ್ಷಕ್ಕೆ ಎಸೆತ ದಕ್ಕುತ್ತದೆ, ಅವನೂ ಅಂಕಣ ಬಿಟ್ಟು ಬೆಂಚು ಸೇರುತ್ತಾನೆ.