ಪದರಫಲಕಗಳ ಒಳದೋಷ ಮತ್ತು ಲ್ಯಾಂಬ್ ತರಂಗಗಳು

ವಿಮಾನದ ರೆಕ್ಕೆಗಳು ಇಂದು ಲೋಹದಿಂದಲೇ ರಚಿತವಾಗುತ್ತಿಲ್ಲ. ಇಂಗಾಲದ ಎಳೆಗಳನ್ನು ರಾಳದಲ್ಲಿ ತೋಯಿಸಿ, ಪದರದ ಮೇಲೆ ಪದರವನ್ನಿರಿಸಿ, ಶಾಖ ಮತ್ತು ಒತ್ತಡಗಳಿಂದ ಗಟ್ಟಿಗೊಳಿಸಿದ ಫಲಕಗಳು ಅನೇಕ ಕಡೆ ಲೋಹದ ಸ್ಥಾನವನ್ನು ಆಕ್ರಮಿಸಿವೆ. 2009ರಲ್ಲಿ ಮೊದಲು ಹಾರಿದ ಬೋಯಿಂಗ್ 787 ವಿಮಾನದ ಕಟ್ಟಡದಲ್ಲಿ ತೂಕದ ಸುಮಾರು ಅರ್ಧಭಾಗ ಇಂತಹ ಸಂಯೋಜಿತ ವಸ್ತುವೇ ಆಗಿದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ಅನಂತರ ತೇಜಸ್ ಎಂದು ಹೆಸರಾದ ವಿಮಾನದ ರೆಕ್ಕೆಯ ಹೊದಿಕೆಯೂ ಇದೇ ಜಾತಿಯದು.

ಈ ಫಲಕಗಳು ಹಗುರ, ದೃಢ. ಆದರೆ ಒಂದು ಅಪಾಯವನ್ನು ಒಳಗೊಂಡಿವೆ. ಲೋಹಕ್ಕೆ ಪೆಟ್ಟು ಬಿದ್ದರೆ ಅದು ತಗ್ಗಾಗಿ ಕಣ್ಣಿಗೆ ಕಾಣುತ್ತದೆ. ಪದರಫಲಕದ ಮೇಲೆ ಆಲಿಕಲ್ಲೋ ಕೆಲಸಗಾರನ ಕೈಜಾರಿದ ಉಪಕರಣವೋ ಬಿದ್ದರೆ ಮೇಲ್ಮೈ ಹೆಚ್ಚುಕಡಮೆ ನಿರ್ದೋಷವಾಗಿಯೇ ತೋರಬಹುದು. ಒಳಗೆ ಮಾತ್ರ ಪದರಗಳು ಒಂದನ್ನೊಂದು ಬಿಟ್ಟಿರುತ್ತವೆ. ಹಾಗೆ ಬಿಟ್ಟ ಫಲಕವು ಅದುಮುವ ಭಾರವನ್ನು ಮೊದಲಿನಂತೆ ತಾಳಲಾರದು. ಕಾಣದ ಈ ದೋಷವನ್ನು ಕಾಣುವ ಬಗೆ ಹೇಗೆ?

ಕೊಳ್ಳುವ ಮಡಕೆಯನ್ನು ತಟ್ಟಿ ನಾದದಿಂದ ಬಿರುಕನ್ನು ತಿಳಿಯುವುದು ನಮ್ಮಲ್ಲಿ ಹಳೆಯ ರೂಢಿ. ಶ್ರವಣಾತೀತ ಧ್ವನಿಯ ಪರೀಕ್ಷೆಯೂ ಮೂಲದಲ್ಲಿ ಇಂತಹುದೇ. ಆದರೆ ಸಾಮಾನ್ಯ ಪದ್ಧತಿಯಲ್ಲಿ ಧ್ವನಿಯನ್ನು ಫಲಕದ ದಪ್ಪಕ್ಕೆ ನೇರವಾಗಿ ಕಳುಹಿಸಿ, ಬಿಂದುಬಿಂದುವನ್ನೂ ಶೋಧಿಸಬೇಕು. ವಿಶಾಲವಾದ ರೆಕ್ಕೆಗೆ ಇದು ಬಹುಕಾಲದ ಕೆಲಸ.

ಇನ್ನೊಂದು ದಾರಿಯ ಬೀಜವನ್ನು ಮ್ಯಾಂಚೆಸ್ಟರಿನ ಗಣಿತಜ್ಞ ಹೊರೇಸ್ ಲ್ಯಾಂಬ್ ಅವರ 1917ರ ಪ್ರಬಂಧದಲ್ಲಿ ಕಾಣುತ್ತೇವೆ. ತೆಳುವಾದ ಸ್ಥಿತಿಸ್ಥಾಪಕ ಫಲಕದ ಎರಡು ಮುಖಗಳ ನಡುವೆ ಬದ್ಧವಾಗಿ, ಫಲಕದ ಉದ್ದಕ್ಕೂ ಸಾಗುವ ತರಂಗಗಳನ್ನು ಅವರು ಗಣಿತದಿಂದ ನಿರೂಪಿಸಿದರು. ಅದೇ ಯುದ್ಧಕಾಲದಲ್ಲಿ ಫ್ರಾನ್ಸಿನ ಲಾಂಜ್ವ್ಯಾಂ ಅವರು ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ಸ್ಫಟಿಕಗಳಿಂದ ಶ್ರವಣಾತೀತ ಧ್ವನಿಯನ್ನು ಹೊರಡಿಸುತ್ತಿದ್ದರು. ಒಂದು ಕಡೆ ಸಿದ್ಧಾಂತ, ಇನ್ನೊಂದು ಕಡೆ ಸಾಧನ. ಮೆಗಾಹರ್ಟ್ಸ್ ಕಂಪನಾಂಕಗಳಲ್ಲಿ ಲ್ಯಾಂಬ್ ತರಂಗಗಳನ್ನು ವರ್ಲ್ಟನ್ ಅವರು ಪ್ರಯೋಗದಿಂದ ದೃಢಪಡಿಸಿದ್ದು 1961ರಲ್ಲಿ. ನಡುವೆ ನಾಲ್ಕು ದಶಕಗಳಿಗೂ ಮಿಕ್ಕ ಕಾಲ ಸಂದಿತ್ತು.

ಈ ತರಂಗಗಳಲ್ಲಿ ಎರಡು ಬಗೆ. ಒಂದರಲ್ಲಿ ಫಲಕದ ಎರಡು ಮುಖಗಳೂ ಏಕಕಾಲದಲ್ಲಿ ಹೊರಕ್ಕುಬ್ಬಿ ಒಳಕ್ಕೆ ಕುಗ್ಗುತ್ತವೆ. ಇನ್ನೊಂದರಲ್ಲಿ ಫಲಕವೇ ಹಾವಿನ ನಡೆಯಂತೆ ಬಾಗಿ ಬಳುಕುತ್ತದೆ. ಬಾಗುವ ತರಂಗದ ವೇಗವು, ಕಂಪನಾಂಕ ಕಡಮೆಯಿದ್ದಾಗ, ಫಲಕದ ದಪ್ಪವನ್ನು ಅವಲಂಬಿಸಿದೆ: ಫಲಕ ತೆಳುವಾದಷ್ಟೂ ತರಂಗ ನಿಧಾನ. ಪದರಗಳು ಬಿಟ್ಟ ಎಡೆಯಲ್ಲಿ ಒಂದು ಫಲಕವು ಎರಡು ತೆಳು ಫಲಕಗಳಾದಂತೆ. ಆದುದರಿಂದ ಅಲ್ಲಿ ತರಂಗವು ತಡವಾಗುತ್ತದೆ, ಒಂದಂಶ ಹಿಂದಿರುಗುತ್ತದೆ, ಉಳಿದುದು ಕುಂದಿ ಮುಂದೆ ಸಾಗುತ್ತದೆ. ಫಲಕಕ್ಕೆ ಅಂಟಿಸಿದ ಸಣ್ಣ ಬಿಲ್ಲೆಗಳಲ್ಲಿ ಒಂದು ತರಂಗವನ್ನು ಹೊರಡಿಸಿದರೆ ಉಳಿದವು ಗ್ರಹಿಸುತ್ತವೆ. ಅವುಗಳ ನಡುವಣ ಪ್ರದೇಶವನ್ನೆಲ್ಲ ಕೆಲವೇ ಸ್ಥಾನಗಳಿಂದ ಪರೀಕ್ಷಿಸಿದಂತಾಗುತ್ತದೆ.

ತೊಡಕುಗಳೂ ಇವೆ. ಎಳೆಗಳ ದಿಕ್ಕಿನಲ್ಲಿ ಹೊರಟ ತರಂಗದ ವೇಗ ಒಂದು, ಅಡ್ಡಲಾಗಿ ಹೊರಟುದರ ವೇಗ ಇನ್ನೊಂದು. ಅಂಚುಗಳಿಂದಲೂ ಆಧಾರಪಟ್ಟಿಗಳಿಂದಲೂ ಪ್ರತಿಧ್ವನಿಗಳು ಬಂದು ಬೆರೆಯುತ್ತವೆ. ಅನೇಕ ಪದ್ಧತಿಗಳಲ್ಲಿ ಫಲಕವು ನಿರ್ದೋಷವಾಗಿದ್ದಾಗ ಪಡೆದ ದಾಖಲೆಯೊಡನೆ ಇಂದಿನದನ್ನು ಹೋಲಿಸಿ ದೋಷವನ್ನು ನಿರ್ಣಯಿಸುತ್ತಾರೆ; ಆದರೆ ಉಷ್ಣತೆ ಬದಲಾದರೂ ದಾಖಲೆ ಬದಲಾಗುತ್ತದೆ. ಬಿಸಿಲಿನಿಂದಾದ ವ್ಯತ್ಯಾಸವನ್ನು ಪೆಟ್ಟಿನಿಂದಾದುದೆಂದು ಬಗೆದರೆ ವಿಮಾನ ವೃಥಾ ನಿಲ್ಲುತ್ತದೆ. ಪೆಟ್ಟಿನಿಂದಾದುದನ್ನು ಬಿಸಿಲಿನದೆಂದು ತಳ್ಳಿಹಾಕಿದರೆ ಪ್ರಾಣಗಳಿಗೇ ಸಂಚಕಾರ.

ಹಿಂದಿನ ದಾಖಲೆಯೊಂದಿಗೆ ಇಂದಿನದನ್ನಿಟ್ಟು, ವ್ಯತ್ಯಾಸದ ಕಾರಣವನ್ನು ವಿವೇಚಿಸುವ ಈ ಕ್ರಮ ಇತಿಹಾಸದ ವಿದ್ಯಾರ್ಥಿಗಳಾದ ನಮಗೂ ಅಪರಿಚಿತವಲ್ಲ. ವ್ಯತ್ಯಾಸವನ್ನು ಕಾಣುವುದು ಸುಲಭ. ಅದು ಯಾವುದರಿಂದ ಉಂಟಾಯಿತೆಂದು ನಿಶ್ಚಯಿಸುವುದೇ ಕಠಿನ.