ಕೀಬೋರ್ಡಿನ ಸದ್ದು ಸಣ್ಣಗೆ ಬಂದರೆ ಏನು ಮಾಡಬೇಕು?



ಹಾರ್ಮೋನಿಯಂನಲ್ಲಿ ಮನೆಯನ್ನು ಎಷ್ಟು ಗಟ್ಟಿಯಾಗಿ ಒತ್ತಿದರೂ ಸದ್ದು ಹೆಚ್ಚುವುದಿಲ್ಲ. ತಿದಿ ಜೋರಾಗಿ ಹಾಕಿದರೆ ಮಾತ್ರ ಹೆಚ್ಚುತ್ತದೆ. ಟಚ್ ಸೌಲಭ್ಯವಿರುವ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಹಾಗಲ್ಲ. ಮೆಲ್ಲಗೆ ಒತ್ತಿದರೆ ಮೆಲು ಸ್ವರ, ರಪ್ಪನೆ ಒತ್ತಿದರೆ ಜೋರು ಸ್ವರ.

ಅದಕ್ಕೆ ಹೇಗೆ ತಿಳಿಯುತ್ತದೆ?

ಕೀಬೋರ್ಡು ನಮ್ಮ ಬೆರಳಿನ ಭಾರ ತೂಗುವುದಿಲ್ಲ, ವೇಗ ಅಳೆಯುತ್ತದೆ. ಪ್ರತಿ ಮನೆಯ ಕೆಳಗೆ ರಬ್ಬರಿನ ಎರಡು ಸ್ವಿಚ್ಚುಗಳಿವೆ. ಒತ್ತಿದಾಗ ಒಂದು ಮೊದಲು ತಾಗುತ್ತದೆ, ಇನ್ನೊಂದು ಚೂರು ತಡವಾಗಿ. ಓಟದ ಪಂದ್ಯದಲ್ಲಿ ಎರಡು ಗೆರೆಗಳ ನಡುವಿನ ಸಮಯ ನೋಡುತ್ತಾರಲ್ಲ, ಹಾಗೆಯೇ ಇದು. ಸಮಯ ಕಡಿಮೆಯಾದಷ್ಟೂ ಸದ್ದು ಜೋರು. 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಈ ವೇಗಕ್ಕೆ 1ರಿಂದ 127ರವರೆಗೆ ಅಂಕ ಕೊಡುತ್ತಾರೆ.

ನಮ್ಮ ಶಾಲೆಯಲ್ಲಿ ಆದದ್ದು

ಪ್ರಾರ್ಥನೆಗೆ 4ನೇ ತರಗತಿಯ ಹುಡುಗಿ ನುಡಿಸಿದಾಗ ಸ್ವರವೇ ಕೇಳುತ್ತಿರಲಿಲ್ಲ. "ಕೀಬೋರ್ಡು ಕೆಟ್ಟಿದೆ, ರಿಪೇರಿಗೆ ಕಳಿಸೋಣ" ಅಂದರು ಕೆಲವರು. "ದೊಡ್ಡೋರು ಯಾರಾದ್ರೂ ನುಡಿಸ್ಲಿ ಬಿಡಿ" ಅಂದರು ಇನ್ನು ಕೆಲವರು. ಹುಡುಗಿ ಅಳುವುದೊಂದು ಬಾಕಿ. ಮೇಷ್ಟ್ರು ಮತ್ತು ನಾನು ಕೈಪಿಡಿ ತೆರೆದು ನೋಡಿದೆವು. ಟಚ್ 'ಹಾರ್ಡ್'ನಲ್ಲಿತ್ತು! 'ಸಾಫ್ಟ್'ಗೆ ಬದಲಾಯಿಸಿದೆವು. ಈಗ ದಿನಾ ಅವಳೇ ನುಡಿಸುತ್ತಾಳೆ, ಹಿಂದಿನ ಸಾಲಿಗೂ ಕೇಳುತ್ತದೆ.

ನೀವು ಮಾಡುವ ಕ್ರಮ

1. ಮೊದಲು ವಾಲ್ಯೂಮ್ ಸರಿಯಿದೆಯೇ ನೋಡಿ.
2. ಫಂಕ್ಷನ್ ಬಟನ್ ಒತ್ತಿ ಪರದೆಯಲ್ಲಿ 'ಟಚ್' ಹುಡುಕಿ. ಕೆಲವು ಕೀಬೋರ್ಡುಗಳಲ್ಲಿ ಇದಕ್ಕೆ ಬೇರೆ ಬಟನ್ನೇ ಇರುತ್ತದೆ. ಕಡಿಮೆ ಬೆಲೆಯ ಕೆಲವಕ್ಕೆ ಈ ಸೌಲಭ್ಯವೇ ಇಲ್ಲ.
3. 'ಸಾಫ್ಟ್' ಅಂದರೆ ಸದ್ದು ಮೆಲ್ಲಗೆ ಅಂತಲ್ಲ! ಮೆದುವಾಗಿ ಒತ್ತಿದರೂ ಜೋರು ಸದ್ದು ಬರುತ್ತದೆ. ಚಿಕ್ಕವರಿಗೆ ಇದು ಒಳ್ಳೆಯದು.
4. 'ಮೀಡಿಯಂ' ಸಾಮಾನ್ಯ ಕೈಗೆ. 'ಹಾರ್ಡ್' ಬಿರುಸಾಗಿ ನುಡಿಸುವವರಿಗೆ.
5. 'ಆಫ್' ಮಾಡಿದರೆ ಹೇಗೆ ಒತ್ತಿದರೂ ಸದ್ದು ಒಂದೇ ಸಮ, ಹಾರ್ಮೋನಿಯಂ ಮನೆಯ ಹಾಗೆ.
6. ಕೊನೆಗೆ ಒಂದೇ ಸ್ವರವನ್ನು ಮೆಲ್ಲಗೆ, ಸಾಧಾರಣವಾಗಿ, ಜೋರಾಗಿ ನುಡಿಸಿ ಪರೀಕ್ಷಿಸಿ.

ಎಲ್ಲಾ ಮನೆಗಳೂ ಸರಿಯಿದ್ದು ಒಂದು ಮಾತ್ರ ಸಣ್ಣಗೆ ಕೇಳಿದರೆ ಅದು ಟಚ್ ದೋಷವಲ್ಲ. ರಬ್ಬರಿನ ಕೆಳಗೆ ಧೂಳು ಕೂತಿರಬಹುದು. ಆಗ ಬಲ್ಲವರಿಗೇ ತೋರಿಸಿ, ನೀವೇ ಬಿಚ್ಚಬೇಡಿ. ನುಡಿಸಿದ ಮೇಲೆ ಬಟ್ಟೆ ಮುಚ್ಚಿಡುವುದನ್ನು ಮರೆಯಬೇಡಿ.

ನಿಮಗಿದು ಗೊತ್ತೇ?

ಸುಮಾರು 1700ರಲ್ಲಿ ಇಟಲಿಯ ಕ್ರಿಸ್ತೊಫೊರಿ ಎಂಬುವರು ಪಿಯಾನೊ ಕಂಡುಹಿಡಿದರು. ಇಟಲಿ ಭಾಷೆಯಲ್ಲಿ 'ಪಿಯಾನೊ' ಎಂದರೆ ಮೆಲ್ಲಗೆ, 'ಫೋರ್ಟೆ' ಎಂದರೆ ಜೋರಾಗಿ. ಎರಡೂ ಬರುವ ವಾದ್ಯವಾದ್ದರಿಂದಲೇ ಅದಕ್ಕೆ ಆ ಹೆಸರು!

– 9ನೇ ತರಗತಿ ವಿದ್ಯಾರ್ಥಿನಿ