ಹೆದ್ದಾರಿ ಸುಂಕ: ಎಣಿಕೆಯಲ್ಲಿ ನಾವೆಲ್ಲಿ?

ಮಂಜೇಶ್ವರದ ಕಡೆ ಸುಂಕದಕಟ್ಟೆ ಎಂಬ ಊರಿದೆ. ದಾರಿಯ ಸುಂಕ ನಮಗೆ ಹೊಸತಲ್ಲವೆನ್ನಲು ಆ ಹೆಸರೇ ಸಾಕು. ಈಗಿನ ಪ್ರಶ್ನೆ ಬೇರೆ: ತಲಪಾಡಿ–ಚೆಂಗಳ ನಡುವಿನ 39 ಕಿಲೋಮೀಟರ್ ಷಟ್ಪಥದಲ್ಲಿ ಸುಂಕ ನ್ಯಾಯವಾಗಿ ನಡೆದೀತೇ?

ಇದನ್ನು ಅಳೆಯುವ ಕ್ರಮವುಂಟು. ಏಳು ದಿನ ಹಗಲಿರುಳು ವಾಹನಗಳನ್ನು ಎಣಿಸಬೇಕು. ಎಲ್ಲಿಂದ ಎಲ್ಲಿಗೆ ಪ್ರಯಾಣವೆಂದು ಕೇಳಬೇಕು. ಸುಂಕ ತಪ್ಪಿಸಲು ಒಳದಾರಿ ಹಿಡಿಯುವವರೆಷ್ಟೆಂದು ಅಂದಾಜಿಸಬೇಕು.

2008ರ ಕೇಂದ್ರ ನಿಯಮದಂತೆ ಒಂದೇ ಹೆದ್ದಾರಿಯ ಎರಡು ಟೋಲುಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರವಿರತಕ್ಕದ್ದು. ಕಾರಣ ದಾಖಲಿಸಿದರೆ ವಿನಾಯಿತಿಯುಂಟು. ಆದುದರಿಂದಲೇ ತಲಪಾಡಿಯಲ್ಲಿ ಟೋಲ್ ಇರುವಾಗ ಕುಂಬಳೆ ಆರಿಕ್ಕಾಡಿಯಲ್ಲಿ ಇನ್ನೊಂದೇಕೆಂದು 2025ರಲ್ಲಿ ಜನ ಬೀದಿಗಿಳಿದುದು.

ಟೋಲಿನಿಂದ 20 ಕಿಲೋಮೀಟರಿನೊಳಗೆ ವಾಸಿಸುವವರ ಸ್ವಂತ ಕಾರಿಗೆ ಮಾಸಿಕ ಪಾಸಿನ ಅವಕಾಶವಿದೆ. ಬಾಡಿಗೆ ಕಾರು ಹಿಡಿದು ಮಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಗೆ ಆ ಪಾಸಿಲ್ಲ. ಸುಂಕವು ಬಾಡಿಗೆಗೇ ಸೇರುತ್ತದೆ. ದೂರದ ಸರಕು ಲಾರಿಗೂ ಈ ರೋಗಿಯ ಕಾರಿಗೂ ಎಣಿಕೆಯ ಪಟ್ಟಿಯಲ್ಲಿ ಒಂದೊಂದೇ ಗೆರೆ. ಗೆರೆಯ ಹಿಂದಿನ ಮನುಷ್ಯನನ್ನು ಬಿಟ್ಟ ಲೆಕ್ಕ ಬಾಳಲಾರದು. ಸುರತ್ಕಲ್ ಟೋಲ್ ದೀರ್ಘ ಹೋರಾಟದ ಬಳಿಕ 2022ರ ಡಿಸೆಂಬರ್ 1ರಂದು ನಿಂತಿತೆಂಬುದನ್ನು ಅಧಿಕಾರಿಗಳು ಮರೆಯದಿರಲಿ.